ಅಕ್ಕನ ಏಳೂವರೆ ಸಾವಿರ ಅಂಕ

ಅಕ್ಕಾ,

ಮೊದಲು ಲೆಕ್ಕ ಹೇಳುತ್ತೇನೆ, ಅಳುವುದು ಆಮೇಲೆ. ನಿನ್ನ ಬಹುಮಾನದ ಕಾರ್ಡಿಗೆ ವರ್ಷಕ್ಕೆ ಐನೂರರಂತೆ ನಾಲ್ಕು ವರ್ಷದ ಫೀ ಎರಡು ಸಾವಿರ. ನೀನು ಹೋದ ಮೇಲೆ ನಾನು ಮೂರು ಸಲ ಬ್ಯಾಂಕಿಗೆ ಅಲೆದ ರಿಕ್ಷಾ ಬಾಡಿಗೆ ಇನ್ನೂರ ನಲವತ್ತು. ಮಿಕ್ಸರು ಮಾತ್ರ ಬರಲಿಲ್ಲ.

ಈ ಮರಾಠಿ ನಾಡಿನಲ್ಲಿ, ವಾಕಡದ ನಿನ್ನ ಖಾನಾವಳಿಗೆ ಬ್ಯಾಂಕಿನ ಆ ಏಜೆಂಟ್ ಬಂದ ಮಧ್ಯಾಹ್ನ ನೆನಪಿದೆಯಾ? ರೊಟ್ಟಿ ತಿಂದು ಕೈ ತೊಳೆದು, ಎರಡು ಕ್ರೆಡಿಟ್ ಕಾರ್ಡಿನ ಕಾಗದ ಹರವಿದ. ಒಂದಕ್ಕೆ ಫೀ ಇಲ್ಲ, ಅದು ಏನೂ ಕೊಡುವುದೂ ಇಲ್ಲ. ಇನ್ನೊಂದಕ್ಕೆ ಫೀ ಇದೆ, ನೂರು ರೂಪಾಯಿ ಖರೀದಿಗೆ ಒಂದು ಅಂಕ, ಆರು ಸಾವಿರ ಅಂಕಕ್ಕೆ ಮಿಕ್ಸರು. ನಾನು ಫುಕಟ್ ಕಾರ್ಡು ಹಿಡಿದೆ. ಶೇಂಗಾ ಚಟ್ನಿ ಕುಟ್ಟಿ ಕುಟ್ಟಿ ರಟ್ಟೆ ಬಿದ್ದುಹೋಗಿದ್ದ ನೀನು ಮಿಕ್ಸರಿನ ಚಿತ್ರ ಬಿಟ್ಟು ಕಣ್ಣು ಕದಲಿಸಲಿಲ್ಲ.

"ಅಕ್ಕಾ, ಅಂಗಡ್ಯಾಗ ಅದು ಎರಡು ಸಾವಿರದ ಇನ್ನೂರಕ್ಕ ಸಿಗತದ."

"ರೊಕ್ಕ ಕೊಟ್ಟು ತಂದ್ರ ಅದು ಖರ್ಚು, ತಮ್ಮಾ. ಹಿಂಗ ಬಂದ್ರ ನನ್ನ ಗಳಿಕಿ."

ಆಮೇಲೆ ನಿನ್ನ ಕಾರುಬಾರು! ನಿನ್ನಲ್ಲಿ ಊಟಕ್ಕೆ ಬರುವ ಹುಡುಗರು ಬೂಟು ಕೊಳ್ಳಲಿ, ಗಾರೆ ಕೆಲಸದ ಮಲ್ಲಪ್ಪ ಮಗಳ ಮದುವೆಗೆ ಸೀರೆ ಕೊಳ್ಳಲಿ, ಅಂಗಡಿಯ ಗಲ್ಲಾದ ಮುಂದೆ ನೀನು ಹಾಜರು. "ನಿಲ್ರಿ, ರೊಕ್ಕ ನನ್ನ ಕೈಯಾಗ ಕೊಡ್ರಿ, ಕಾರ್ಡ್ ನಾ ಉಜ್ಜತೀನಿ." ಮಲ್ಲಪ್ಪ ನಗುತ್ತಿದ್ದ: "ಅಕ್ಕಾರ, ಸೀರಿ ನಮ್ಮದು, ಪುಣ್ಯ ನಿಮಗೇನ್ರಿ?" ಬಿಲ್ಲು ಬಂದ ಮರುದಿನವೇ ನೀನು ಕಟ್ಟಿಬಿಡುತ್ತಿದ್ದೆ. ಒಂದು ಪೈಸೆ ಬಡ್ಡಿ ಅವರಿಗೆ ದಕ್ಕಲಿಲ್ಲ. ಫುಕಟ್ ಕಾರ್ಡಿನ ಜಾಣ ನಾನು ಒಮ್ಮೆ ತಡಮಾಡಿ ಮುನ್ನೂರೈವತ್ತು ದಂಡ ತೆತ್ತದ್ದು ನಿನಗೆ ಗೊತ್ತೇ ಇಲ್ಲ. ಗೊತ್ತಾಗಿದ್ದರೆ ನನ್ನನ್ನು ನೀನು...

ಆರು ಸಾವಿರ ತುಂಬಿದ ತಿಂಗಳೇ ಹೊಸ ಪಟ್ಟಿ ಬಂತು: ಅದೇ ಮಿಕ್ಸರು, ಏಳೂವರೆ ಸಾವಿರ ಅಂಕ! ನಾವು ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಹೀಗೆ ಮಾಡಿದ್ದರೆ ಸಂತೆಯವರು ಬಿಡುತ್ತಿದ್ದರಾ? ನೀನು ಮನಸಾರೆ ಬೈದು, ಮತ್ತೆ ಹೋಗಿ ಗಲ್ಲಾದ ಮುಂದೆ ನಿಂತೆ.

ನಿನ್ನನ್ನು ಮಣ್ಣು ಮಾಡಿದ ವಾರ ಬಿಲ್ಲು ಬಂತು. ಅಂಕ ಏಳು ಸಾವಿರದ ಐನೂರ ಹನ್ನೆರಡು. ಅದರ ಕೆಳಗೇ ಹೊಸ ವರ್ಷದ ಫೀ, ಐನೂರು. ಬ್ಯಾಂಕಿನ ಹುಡುಗಿ ಮರಣದ ದಾಖಲೆ ನೋಡಿ ಮೆಲ್ಲಗೆ ಹೇಳಿದಳು: "ಕಾಕಾ, ಕಾರ್ಡಿನವರು ಹೋದರೆ ಅಂಕವೂ ಹೋಗುತ್ತದೆ. ನಿಯಮ ಆಹೆ."

"ಮತ್ತೆ ಫೀ ಯಾಕೆ ಹೋಗಲಿಲ್ಲ, ಮಗಳೇ? ಅದಕ್ಕೆ ಸಾವಿಲ್ಲವಾ?" ಎಂದು ಅವಳ ಮರಾಠಿಯಲ್ಲೇ ಕೇಳಿದೆ. ಸಾಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಸತ್ತವರಿಂದ ವಸೂಲು ಮಾಡುವುದಕ್ಕೆ ಇವರಲ್ಲಿ ದಾರಿ ಇದೆ, ಕೊಡುವುದಕ್ಕೆ ಇಲ್ಲ! ಮೂರನೆಯ ಸಲಕ್ಕೆ ಆ ಫೀ ಬಿಟ್ಟರು. ಅಂಕ ಬಿಡಲಿಲ್ಲ. ಅಲ್ಲಿಯೇ ನನ್ನ ಕಾರ್ಡೂ ಕತ್ತರಿಸಿ ಕೊಟ್ಟುಬಂದೆ.

ಮೊನ್ನೆ ಖಾನಾವಳಿಗೆ ಹೋದರೆ ನಿನ್ನ ಮಗಳು ಸರೋಜಾ ಒರಳಿನ ಮುಂದೆ ಕೂತು, ನಿನ್ನ ಹಾಗೆಯೇ ಬಲಗೈ ರಟ್ಟೆ ಹಿಚುಕಿಕೊಳ್ಳುತ್ತಿದ್ದಳು. ನೇರ ಅಂಗಡಿಗೆ ನಡೆದೆ, ನಗದು ಕೊಟ್ಟು ಅದೇ ಮಿಕ್ಸರು ತಂದೆ.

"ಇದು ಅವ್ವನ ಅಂಕದಾಗ ಬಂದದ್ದೇನು, ಮಾಮಾ?"

"ಹೂಂ. ನಿಮ್ಮವ್ವ ಗಳಿಸಿದ್ದು."

ಹುಟ್ಟಿದಾಗಿನಿಂದ ಮೊದಲ ಸಲ ಬೇಕಂತಲೇ ಲೆಕ್ಕ ತಪ್ಪು ಹೇಳಿದೆ. ಬೈಯಬೇಡ. ಯಾರಿಗೆ ಏನು ದಕ್ಕಿತೆಂಬ ಸರಿಯಾದ ಲೆಕ್ಕ ಇಲ್ಲಿದೆ: ಬ್ಯಾಂಕಿಗೆ ನಿನ್ನಿಂದ ಎರಡು ಸಾವಿರ, ನನ್ನಿಂದ ಮುನ್ನೂರೈವತ್ತು. ಏಜೆಂಟನಿಗೆ ಎರಡು ಕಾರ್ಡಿನ ಕಮಿಷನ್, ಒಂದು ಊಟ. ಮಲ್ಲಪ್ಪನ ಮಗಳಿಗೆ ಸೀರೆ. ಸರೋಜಾಳಿಗೆ ಮಿಕ್ಸರು. ನಿನಗೆ, ಏಳು ಸಾವಿರದ ಐನೂರ ಹನ್ನೆರಡು ಅಂಕ.