ಎಂಟು ಸ್ವಿಚ್ಚಿನ ಎಂಜಿನ್

ಐಸ್ಲಿಂಗನ್,
ನವೆಂಬರ್ 24

ಪ್ರೀತಿಯ ಇರ್ಮೆಲಾ,

ನನ್ನ ಅಕ್ಷರ ಕಂಡೂ ಲಕೋಟೆಯನ್ನು ಒಲೆಗೆ ಹಾಕದೆ ಒಡೆದೆಯಲ್ಲ, ಅಷ್ಟಕ್ಕೇ ಸಂತೋಷ. ನೀನು ಮನೆ ಬಿಟ್ಟ ನಾಲ್ಕು ವರ್ಷದಲ್ಲಿ ನಾನು ಕಳಿಸಿದ್ದು ವಿಮೆಯ ಕಾಗದಗಳನ್ನು ಮಾತ್ರ. ನಿಮ್ಮಕ್ಕ ಗೆರ್ಲಿಂಡೆ ಪಕ್ಕದಲ್ಲಿದ್ದರೆ ಅವಳಿಗೂ ಇದನ್ನು ಓದಿ ಹೇಳು. ಅವತ್ತು ನಾನು ಕೂಗಾಡಿದ್ದು ಅವಳ ಎದುರಿಗೇ.

ಆ ಹಸಿರು ಆಟಿಕೆ ಎಂಜಿನ್ನಿನ ವಿಷಯ. ಆ ವರ್ಷ ಕ್ರಿಸ್‌ಮಸ್ಸಿನ ಹಿಂದಿನ ದಿನ ಮರದ ಸುತ್ತ ಹಳಿ ಜೋಡಿಸಿ, ಎಂಜಿನ್ನಿನ ಪೆಟ್ಟಿಗೆಯ ಮೇಲೆ ನಾನೇ ಬರೆದಿಟ್ಟಿದ್ದ ಅದರ ನಂಬರು ಹದಿನೆಂಟನ್ನು ಕಂಟ್ರೋಲಿನಲ್ಲಿ ಒತ್ತಿದೆ. ಎಂಜಿನ್ ಮಿಸುಕಲಿಲ್ಲ. ನಿನ್ನ ಬಾಲ್ಯದ ತಗಡಿನ ರೈಲು ಓಡಿಸಲೆಂದು ನೀನು ಅಟ್ಟದಿಂದ ಇಳಿಸಿದ್ದ ಹಳೆಯ ನೀಲಿ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇತ್ತು. ಅದರ ಕರೆಂಟು ತಗುಲಿದರೆ ಎಂಜಿನ್ನಿನೊಳಗಿನ ಬೋರ್ಡಿನ ಕಥೆ ಮುಗಿದಂತೆ. "ಸುಟ್ಟುಬಿಟ್ಟೆಯಲ್ಲೇ!" ಎಂದೆ. "ನಾನು ಅದನ್ನ ಮುಟ್ಟೇ ಇಲ್ಲ, ಹಾರ್ಟ್‌ವಿಗ್" ಎಂದು ನೀನು ಮೂರು ಸಲ ಹೇಳಿದೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಬ್ಬ ಮುಗಿದು ಮರ ತೆಗೆಯುವ ಹೊತ್ತಿಗೆ ನೀನು ಅಕ್ಕನ ಜೊತೆ ಉಲ್ಮ್ ನಗರ ಸೇರಿದ್ದೆ.

ಈ ಶನಿವಾರ ಬೇರೆ ಬೋರ್ಡು ಹಾಕಿಸೋಣವೆಂದು ಅದನ್ನು ನಮ್ಮ ಆಟಿಕೆ ರೈಲಿನ ಕ್ಲಬ್ಬಿಗೆ ಒಯ್ದೆ. ರಿಪೇರಿ ಮೇಜಿನ ರೋಸ್ವಿತಾ ಗೊತ್ತಲ್ಲ? ಒಳಗೆ ಯಾವ ಬೋರ್ಡಿದೆ ಎಂದು ಮೊದಲು ಗುರುತಿಸಬೇಕು. ಹಳೆಯವಕ್ಕೆ ಹೆಸರೂ ಇಲ್ಲ, ಊರೂ ಇಲ್ಲ. ಅವಳು ಸ್ಕ್ರೂ ಬಿಚ್ಚಿ ಭೂತಗನ್ನಡಿ ಹಿಡಿದಳು. "ತಿರುಗಿಸೋ ಗುಂಡಿ ಇಲ್ಲ, ಎಂಟು ಪುಟಾಣಿ ಸ್ವಿಚ್ ಇವೆ. ಮೊದಮೊದಲ ಕಾಲದ್ದು, ನಮ್ಮ ಹಾಗೆ" ಎಂದು ನಕ್ಕಳು. ಆಮೇಲೆ ಹುಬ್ಬು ಗಂಟಿಕ್ಕಿ, "ಎಲ್ಲಪ್ಪಾ ಸುಟ್ಟಿರೋದು? ಒಂದು ಕಲೆ ಕೂಡ ಇಲ್ಲ. ನಂಬರು ಕೂರಿಸೋದು ಈ ಸ್ವಿಚ್ಚುಗಳೇ. ಎಂಟೂ ಆಫ್ ಆಗಿವೆ, ಅಂದ್ರೆ ಇದರ ನಂಬರು ಎಂಬತ್ತು. ನೀನು ಹದಿನೆಂಟು ಅಂತ ಕರೆದ್ರೆ ಅದ್ಯಾಕೆ ಓಗೊಡುತ್ತೆ?" ಎಂದಳು.

ಎಂಬತ್ತು ಒತ್ತಿದಳು. ದೀಪ ಹೊತ್ತಿತು, ಎಂಜಿನ್ ಗುರ್ರೆಂದು ಹೊರಟೇಬಿಟ್ಟಿತು. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. 

"ಸ್ವಿಚ್ ಮುಟ್ಟಿದ್ದು ಯಾರು?" ಎಂದು ಅವಳು ಕೇಳಿದಾಗ ನೆನಪಾಯಿತು. ಆ ಅಕ್ಟೋಬರಿನಲ್ಲಿ ಕಿಲುಬು ಬಿಡಿಸಲು, ಕ್ಲಬ್ಬಿನವರೆಲ್ಲ ಮಾಡುವಂತೆ, ಒಂದೊಂದು ಸ್ವಿಚ್ಚನ್ನೂ ಹತ್ತತ್ತು ಸಲ ಆಚೆ ಈಚೆ ಆಡಿಸಿದ್ದೆ. ಮೊದಲಿನಂತೆ ಇಡಲು ಮರೆತು ಮುಚ್ಚಿಬಿಟ್ಟಿದ್ದೆ. ತಪ್ಪು ನನ್ನದು, ಇರ್ಮೆಲಾ. ಪೂರ್ತಿ ನನ್ನದೇ. ಬೋರ್ಡು ನಿಜವಾಗಿ ಸುಟ್ಟಿದ್ದರೂ ನಾನು ನಿನ್ನ ಮಾತು ನಂಬಬೇಕಿತ್ತು. ಇಷ್ಟು ಬುದ್ಧಿ ಬರಲು ನನಗೆ ಎಪ್ಪತ್ತು ವರ್ಷ ತುಂಬಬೇಕಾಯಿತು.

ಭಾನುವಾರ ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟಿನ ಮೊದಲ ಮೇಣದಬತ್ತಿ ಹಚ್ಚುವ ದಿನ. ಹಳಿ ಜೋಡಿಸಿದ್ದೇನೆ, ನಿನ್ನ ತಗಡಿನ ರೈಲಿಗೆ ಬೇರೆಯದೇ ಒಂದು ಸುತ್ತು ಹಾಕಿದ್ದೇನೆ. ಬೇಳೆಯನ್ನೂ ಶ್ಪೆಟ್ಸ್ಲ ಶಾವಿಗೆಯನ್ನೂ ನಾನೇ ಬೇಯಿಸುತ್ತೇನೆ. ಈಗ ಅಷ್ಟೇನೂ ಅಂಟಂಟಾಗುವುದಿಲ್ಲ. ಬರುತ್ತೀಯಾ? ಒಂದು ಗಂಟೆ ಇದ್ದು ಹೋದರೂ ಸಾಕು.

ನಿನ್ನವನು ಎಂದು ಬರೆಯಲು ಹಿಂಜರಿಯುತ್ತಿರುವ,
ಹಾರ್ಟ್‌ವಿಗ್

ತಾ.ಕ.: ಈ ಶನಿವಾರ ಎಂದು ಬರೆದದ್ದು ಸುಳ್ಳು. ಎಂಜಿನ್ ಬಿಚ್ಚಿಸಿದ್ದು ಈ ವರ್ಷದ ಫೆಬ್ರವರಿಯಲ್ಲಿ. ತಪ್ಪೊಪ್ಪಿಕೊಂಡ ಮೇಲೂ ನೀನು ಬರದಿದ್ದರೆ ಏನು ಗತಿ ಎಂದು ಹೆದರಿ ಹನ್ನೊಂದು ಪತ್ರ ಬರೆದು ಹರಿದಿದ್ದೇನೆ. ಇದನ್ನು ಕ್ಲಬ್ಬಿನ ಮೇಜಿನ ಮೇಲೆ ಬರೆಯುತ್ತಿದ್ದೇನೆ. ರೋಸ್ವಿತಾ ಅಂಚೆಚೀಟಿ ಅಂಟಿಸಿದ ಲಕೋಟೆ ಹಿಡಿದು ಎದುರಿಗೇ ಕೂತಿದ್ದಾಳೆ. "ಇನ್ನೊಂದು ಹಾಳೆ ಮುಟ್ಟಿದ್ರೆ ಕೈ ಮುರಿತೀನಿ" ಅನ್ನುತ್ತಿದ್ದಾಳೆ. ಹಾಗಾಗಿ ಸುಳ್ಳನ್ನೂ ಸೇರಿಸಿಯೇ ಕಳಿಸುತ್ತಿದ್ದೇನೆ.