ಮುಂದೆ ಅಪೂಲಿ, ಹಿಂದೆ ನಾನು

ಜುಲೈ 9, ಮಂಗಳವಾರ

ಬೆಳಗ್ಗೆಯೇ ಸೈಕಲ್ಲುಗಳ ಬ್ಯಾಟರಿಗಳನ್ನೆಲ್ಲ ಚಾರ್ಜಿಗೆ ಹಾಕಿದೆ. ಒಂದು ಮಾತ್ರ ಅದೇ ಹಟ, ಅರ್ಧ ತುಂಬಿ ನಿಂತುಬಿಡುತ್ತದೆ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಚೈನುಗಳಿಗೆ ಎಣ್ಣೆ ಬಿಟ್ಟೆ. ರುಸೋಕೆ ಬಂದ, ಟಯರುಗಳನ್ನು ಒತ್ತಿ ನೋಡಿದ. "ಕೊಬುಸಿಂಗೆ, ಪಂಪ್ ಎಲ್ಲಿ?" ಕೊಟ್ಟೆ. ಗಾಳಿ ಹೊಡೆದ, ಹೋದ. ಗಂಡ-ಹೆಂಡತಿಯ ಇವತ್ತಿನ ಸಂಭಾಷಣೆ ಮುಗಿಯಿತು.

ಈಸ್ಟರ್ ಹಬ್ಬದ ಮಾರನೇ ದಿನ ಮನೆ ಬಿಟ್ಟವನು. ಅಂದು ಅಂಗಳದಲ್ಲಿ ನಿಂತು ಇಬ್ಬರೂ ಕೂಗಾಡಿದ್ದನ್ನು ಇಡೀ ಬೀದಿ ಕೇಳಿದೆ. ಅಲ್ಲಿಯವರೆಗೆ ನಾನು ಅಬ್ಬೋಕಿ, ನನ್ನ ಅಕ್ಕರೆಯ ಹೆಸರು. ಮದುವೆಯಾದ ದಿನದಿಂದ ಅವನ ಬಾಯಲ್ಲಿ ಬೇರೆ ಹೆಸರು ಬಂದಿರಲಿಲ್ಲ. ಅಂದಿನಿಂದ ಕೊಬುಸಿಂಗೆ. ಪೊಲೀಸರು ಕರೆದ ಹಾಗೆ. ನಾನೂ ಅವನನ್ನು ಅಪೂಲಿ ಎನ್ನುವುದನ್ನು ಬಿಟ್ಟೆ. ಇಲ್ಲಿಯೂ ರುಸೋಕೆ ಎಂದೇ ಬರೆಯುತ್ತೇನೆ. ಅವನಿಗೊಂದು ಕಾನೂನು, ನನಗೊಂದು ಕಾನೂನೇ?

ಮಧ್ಯಾಹ್ನ ಅಡ್ಯೇರಿ ಅಮ್ಮ ಆಫೀಸಿಗೆ ಕರೆದರು. ಸೈಕಲ್ಲುಗಳೂ ಅವರವೇ, ಟೂರೂ ಅವರದೇ, ನಮ್ಮ ಅನ್ನವೂ ಅವರದೇ.

"ಡೆನ್ಮಾರ್ಕಿಂದ ಮುದುಕ-ಮುದುಕಿ ಬರ್ತಾರೆ, ಶುಕ್ರವಾರ. ಮದುವೆಯಾಗಿ ನಲವತ್ತು ವರ್ಷ ಆಯ್ತಂತೆ. ನಮ್ಮ ಜಾಹೀರಾತು ನೋಡೇ ಬುಕ್ ಮಾಡಿರೋದು. ಗಂಡ ಮುಂದೆ ದಾರಿ ತೋರಿಸ್ತಾನೆ, ಹೆಂಡತಿ ಹಿಂದಿಂದ ಕಾಯ್ತಾಳೆ ಅಂತ ಇದೆಯಲ್ಲ, ಅದು."

"ಆ ಫೋಟೋ ಕಿತ್ತು ಬಿಸಾಕಿ ಅಂತ ಯಾವಾಗಲೋ ಹೇಳಿದ್ದೆ ಅಮ್ಮ."

"ಅದರಲ್ಲಿ ಎಷ್ಟು ಚಂದ ನಕ್ಕಿದೀಯೇ, ಹೇಗೆ ಕೀಳಲಿ? ಮೂರೇ ದಿನ ಅಬ್ಬೋಕಿ. ಗೆಸ್ಟ್ ಎದುರಿಗೆ ಗಂಡ-ಹೆಂಡ್ತಿ ಥರ ಇರಿ. ಆಮೇಲೆ ಬೇಕಾದ್ರೆ ಒಬ್ಬರ ಜುಟ್ಟು ಒಬ್ಬರು ಹಿಡ್ಕೊಳ್ಳಿ, ನಾನು ಬಿಡಿಸೋಕೂ ಬರಲ್ಲ."

ಕೆರೆಯ ದಾರಿಯ ಟೂರುಗಳನ್ನು ಇಷ್ಟು ದಿನ ಬೇರೆಯವರಿಗೆ ದಾಟಿಸುತ್ತಿದ್ದೆ. ಮೂರನೇ ದಿನದ ಊಟ ಅಲ್ಲಿ, ಅವಳ ಹೋಟೆಲಿನಲ್ಲಿ. ಅಟೇನಿಯ ಕೈ ಅಡುಗೆ. ನನ್ನ ಗಂಡ ಈಗ ದಿನಾ ಉಣ್ಣುವ ಅಡುಗೆ.

ಆಗಲಿ ಎಂದುಬಿಟ್ಟೆ. ಬಾಯಲ್ಲಿ ಬಿಸಿತುಪ್ಪ.

ಜುಲೈ 12, ಶುಕ್ರವಾರ, ಸಂಜೆ

ಬಿರ್ತೆ, ಆಕ್ಸೆಲ್. ಮುದುಕಿ ಬಾಯಿಬಡುಕಿ, ಮುದುಕ ಮೌನಿ. ಅವನು ಎಲೆಕ್ಟ್ರಿಕ್ ಸೈಕಲ್ ಹತ್ತಿದ್ದೇ ಮೊದಲು. ಚಹಾ ತೋಟದ ಮೊದಲ ಏರಿಗೇ ಫುಲ್ ಪವರ್ ಒತ್ತಿ ಗಿಡದೊಳಕ್ಕೆ ನುಗ್ಗಿದ. ಚಹಾ ಕೀಳುವ ಹೆಂಗಸರು ಬುಟ್ಟಿ ಕೆಳಗಿಟ್ಟು ನಕ್ಕರು. "ನಲವತ್ತು ವರ್ಷದಿಂದ ಹೀಗೇ. ಮೊದಲು ನುಗ್ಗೋದು, ಆಮೇಲೆ ಕನ್ನಡಕ ಹುಡುಕೋದು" ಎಂದಳು ಬಿರ್ತೆ.

ಏರಿನ ಅರ್ಧದಲ್ಲಿ ಬಾಳೆಗೊನೆ ಹೇರಿದ ಸೈಕಲನ್ನು ಬೆನ್ನು ಬಾಗಿಸಿ ತಳ್ಳುತ್ತಿದ್ದವನು ನನ್ನನ್ನು ನೋಡಿ ನಿಂತ. "ಏ ಅಬ್ಬೋಕಿ! ನಿನ್ನ ಸೈಕಲ್‌ಗೆ ಏನು ತಿನ್ನಿಸ್ತೀಯೇ? ಹೋರಿ ಹೋದ ಹಾಗೆ ಹೋಗ್ತಿದೆ!" "ಗಂಡಸರ ಮಾತು ತಿನ್ನಿಸ್ತೀನಿ ಕಣೋ, ಮೂರು ದಿನ ಹಸಿವೇ ಆಗಲ್ಲ ಅದಕ್ಕೆ" ಎಂದೆ. ಮುಂದಿನಿಂದ ನಗು ಕೇಳಿಸಿತು. ರುಸೋಕೆಯದು. ಎಷ್ಟು ದಿನವಾಯಿತು ಆ ನಗು ಕೇಳಿ.

ಗುಡ್ಡದ ಮೇಲೆ ಹೆಸರಿಡುವ ಆಟ. ಪ್ರತಿ ಟೂರಿನಲ್ಲೂ ಇದ್ದದ್ದೇ, ಪಾಠವೂ ನನ್ನದೇ. ನಮ್ಮ ಟೋರೊ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ಎರಡು ಹೆಸರು. ಒಂದು ಶಾಲೆಗೆ, ಆಸ್ಪತ್ರೆಗೆ. ಇನ್ನೊಂದು ಎಂಪಾಕೊ, ಅಕ್ಕರೆಯ ಹೆಸರು. ಇರುವುದು ಹತ್ತು-ಹನ್ನೆರಡು, ಊರೆಲ್ಲ ಹಂಚಿಕೊಂಡಿದ್ದೇವೆ. ಯಾರೇ ಎದುರಾದರೂ ಮೊದಲು ಅದು ಬಾಯಿಗೆ ಬರಬೇಕು. ಗಂಡನಿಗೂ ಅದೇ, ದಾರಿಹೋಕನಿಗೂ ಅದೇ. ಬರೀ ಹೆಸರು ಹಿಡಿದು ಕರೆದರೆ ಜಗಳ ಎಂದರ್ಥ.

ಬಿರ್ತೆಗೆ ಅಟ್ವೋಕಿ ಎಂದಿಟ್ಟೆವು, ಮುದುಕನಿಗೆ ಅರಾಲಿ.

"ಹಾಗಾದ್ರೆ ನೀವಿಬ್ರು ಕೊನೇ ಸಲ ಬರೀ ಹೆಸರಲ್ಲಿ ಕರೆದಿದ್ದು ಯಾವಾಗ?" ಎಂದು ಕೇಳಿಯೇಬಿಟ್ಟಳು ಬಿರ್ತೆ.

ರುಸೋಕೆ ಹೆಲ್ಮೆಟ್ ತೆಗೆದು ತಲೆ ಕೆರೆದ. "ನಮ್ಮ ಅಬ್ಬೋಕಿ ಜೊತೆ ಜಗಳಾಡಿ ಗೆದ್ದವರು ಯಾರಿದಾರೆ ಹೇಳಿ?"

ನಮ್ಮ ಅಬ್ಬೋಕಿ. ನಟನೆ, ಗೊತ್ತು. ಗೊತ್ತಿದ್ದೂ ಎದೆ ಧಸಕ್ ಎಂದಿತು. ಆಮೇಲೆ ಸಂಜೆಯವರೆಗೂ ಅದೇ. ಅಬ್ಬೋಕಿ, ನೀರು ಕೊಡು. ಅಬ್ಬೋಕಿ, ಅವರ ಸೀಟು ಸ್ವಲ್ಪ ಇಳಿಸು. ನಾನೂ ಅಪೂಲಿ ಎಂದೆ. ಎನ್ನಲೇಬೇಕಲ್ಲ, ಗೆಸ್ಟ್ ಇದ್ದಾರೆ. ಮೊದಲ ಸಲ ತೊದಲಿದೆ. ಎರಡನೇ ಸಲಕ್ಕೆ ಸಲೀಸು.

ನಾಚಿಕೆಯಿಲ್ಲದವಳು ನಾನು.

ಜುಲೈ 13, ಶನಿವಾರ

ಮೊದಲು ಇದನ್ನು ಬರೆಯಬೇಕು, ಊಟ ಆಮೇಲೆ.

ಬೆಳಗ್ಗೆ ಗುಡ್ಡಗಳ ಮೇಲೆ ಮಂಜು. ಒಂದು ಕಡೆ ಕೆರೆ, ಇನ್ನೊಂದು ಕಡೆಯೂ ಕೆರೆ, ನಡುವಿನ ದಿಣ್ಣೆಯ ಮೇಲೆ ಒಂದೇ ಸೈಕಲ್ ಹಿಡಿಸುವ ದಾರಿ. ಅವನು ಬಿರ್ತೆಯನ್ನು ದಾಟಿಸಿ ಆಚೆ ನಿಲ್ಲಿಸಿ, ಇನ್ನೂ ಮುಂದಿನ ದಾರಿ ನೋಡಲು ಒಬ್ಬನೇ ಹೋಗಿದ್ದ. ಮುದುಕ ನನಗಿಂತ ಬಹಳ ಮುಂದಿದ್ದ. ನನ್ನ ಕಿವಿಯಲ್ಲಿ ವಾಕಿ-ಟಾಕಿಯ ವೈರು.

"ಅಬ್ಬೋಕಿ." ಮೆಲ್ಲಗೆ. ನಮ್ಮ ಮಾತಿನಲ್ಲಿ. "ಇಲ್ಲಿ ಕಲ್ಲು ಜಾರ್ತಿದೆ ಕಣೇ. ಇಳಿದು ತಳ್ಕೊಂಡು ಬಾ. ಅವಸರ ಮಾಡ್ಬೇಡ."

ಅಷ್ಟೇ.

ಸುತ್ತ ಯಾರೂ ಇರಲಿಲ್ಲ! ಅವನ ಹತ್ತಿರ ಗೆಸ್ಟ್ ಇಲ್ಲ, ನನ್ನ ಹತ್ತಿರವೂ ಇಲ್ಲ. ಇದ್ದಿದ್ದರೂ ನಮ್ಮ ಮಾತು ಅವರಿಗೆ ತಿಳಿಯದು. ಯಾರಿಗಾಗಿ ನಟಿಸಬೇಕಿತ್ತು? ಯಾರಿಗೂ ಅಲ್ಲ. ನನಗೇ ಹೇಳಿದ್ದು ಅದು.

ಇಳಿದು ತಳ್ಳಿಕೊಂಡು ಹೋದೆ. ಆಚೆ ಸಿಕ್ಕಾಗ ಅಪೂಲಿ ನನ್ನ ಹ್ಯಾಂಡಲ್ ಹಿಡಿದು ಮೇಲೆಳೆದುಕೊಂಡ. ಹೌದು, ಅಪೂಲಿ ಎಂದೇ ಬರೆದೆ. ಹೊಡೆದು ಹಾಕುವುದಿಲ್ಲ.

ಮಧ್ಯಾಹ್ನ ನೆರಳಿನಲ್ಲಿ ಎಲ್ಲರೂ ಕೂತಾಗ ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟ. ಮೊದಲಿನ ಹಾಗೆ. ಬಿರ್ತೆ ಗಂಡನ ಪಕ್ಕೆಗೆ ತಿವಿದಳು: "ನೋಡಿ ಕಲ್ತುಕೋ ಅರಾಲಿ!" ಮುದುಕ ತನ್ನ ಹಣ್ಣನ್ನು ಪೂರ್ತಿ ಬಾಯಿಗೆ ಹಾಕಿಕೊಂಡ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ನಾವಿಬ್ಬರೂ, ಒಟ್ಟಿಗೆ.

ಅವನಿಗೆ ಅಲ್ಲಿ ಸುಖವಿಲ್ಲವೇನೋ. ವಾಪಸ್ಸು ಬರುತ್ತೇನೆ ಎನ್ನಲು ಬಾಯಿ ಬರುತ್ತಿಲ್ಲವೇನೋ. ಗಂಡಸರಿಗೆ ಬಾಗಿಲು ಬಡಿಯಲು ನಾಚಿಕೆ. ಬಡಿಯದಿದ್ದರೂ ಪರವಾಗಿಲ್ಲ, ನಾನೇ ತೆಗೆದಿಟ್ಟಿರುತ್ತೇನೆ. ಬೈಯುವುದಿಲ್ಲ. ಸ್ವಲ್ಪ ಬೈಯುತ್ತೇನೆ. ಸ್ವಲ್ಪವೇ.

ನಾಳೆ ಅವಳ ಹೋಟೆಲ್. ಹೆದರಿಕೆಯಿಲ್ಲ.

ಜುಲೈ 14, ಭಾನುವಾರ

ಅವಳು ಬಸುರಿ.

ಹೋಟೆಲಿನ ಬಾಗಿಲಿಗೆ ಬಂದು ನಿಂತಳು. ಹೊಟ್ಟೆ ಮೊದಲು ಬಂತು, ಅವಳು ಆಮೇಲೆ. ಐದು ತಿಂಗಳಿರಬಹುದು. ಊರಿಗೆಲ್ಲ ಗೊತ್ತಿತ್ತಂತೆ. ಅಡ್ಯೇರಿ ಅಮ್ಮನಿಗೂ. ಗೊತ್ತಿಲ್ಲದವಳು ನಾನೊಬ್ಬಳು, ಕೆರೆಯ ದಾರಿ ಬಿಟ್ಟವಳು.

"ಅಬ್ಬೋಕಿ, ಬನ್ನಿ, ದಣಿದಿದೀರಿ" ಎಂದಳು. ಮೊಣಕಾಲೂರಿ ಕೈ ತೊಳೆಯಲು ನೀರು ಹಾಕಿದಳು, ನಾನು ದೊಡ್ಡವಳಲ್ಲವೇ. ಆ ಹೊಟ್ಟೆ ಹೊತ್ತು ಮೊಣಕಾಲೂರುವುದು ಕಷ್ಟ. ಏಳುವಾಗ ಅವಳ ಮೊಣಕೈ ಹಿಡಿದೆ. ಕೈ ತಾನಾಗಿ ಹೋಯಿತು, ನಾನು ಕಳಿಸಲಿಲ್ಲ.

ರಾಗಿ ಮುದ್ದೆ, ಹಿಸುಕಿದ ಅವರೆಯ ಗೊಜ್ಜು, ಹೊಗೆ ಹಾಕಿದ ಮೀನು. ಇಟ್ಟ ಊಟ ಬಿಟ್ಟರೆ ಮನೆಗೆ ಶಾಪ ಹಾಕಿದ ಹಾಗೆ. ಉಂಡೆ. ಹಾಳಾದವಳ ಕೈರುಚಿ ಚೆನ್ನಾಗಿಯೇ ಇದೆ. ಬಿರ್ತೆ ಹೊಗಳಿದ್ದೇ ಹೊಗಳಿದ್ದು: "ಇವರ ಯಜಮಾನರು ಪುಣ್ಯವಂತರು, ಎಲ್ಲಿದಾರೆ?" ಅವನು ಚೈನು ನೋಡುವ ನೆಪದಲ್ಲಿ ಹೊರಗೆ ಹೋದ. ನಾನೇ ಹೇಳಿದೆ: "ದುಡಿಮೆಗೆ ಹೋಗಿದಾರೆ."

ಬ್ಯಾಟರಿ ಬದಲಿಸುವಾಗ ನಾನೂ ಅವನೂ ಇಬ್ಬರೇ ಸಿಕ್ಕೆವು. ಕೇಳಬಾರದಿತ್ತು. ಕೇಳದೆ ಇರುವವಳೇ ನಾನು?

"ನಿನ್ನೆ ದಿಣ್ಣೆ ಮೇಲೆ ವಾಕಿ-ಟಾಕಿಯಲ್ಲಿ ಅಬ್ಬೋಕಿ ಅಂದ್ಯಲ್ಲ. ಯಾಕಂದೆ?"

"ಯಾವಾಗ?"

"ಮಂಜಿತ್ತಲ್ಲ, ಆಗ. ಯಾರೂ ಕೇಳಿಸ್ಕೊಳ್ತಿರಲಿಲ್ಲ."

ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹಣೆ ಗಂಟು ಹಾಕಿ. ನೆನಪಿಗೆ ಬರಲಿಲ್ಲ ಅವನಿಗೆ.

"ಅಂದಿರಬಹುದು. ನಾಲಿಗೆಗೆ ರೂಢಿಯಾಗಿದೆ, ಇಷ್ಟು ವರ್ಷ..." ಎಂದ. ಆಮೇಲೆ ನನ್ನ ಮುಖ ನೋಡಿದ. ಅರ್ಥವಾಯಿತು ಅವನಿಗೆ. ಅರ್ಥವಾದದ್ದೇ ಸಿಟ್ಟು ಬಂತು. "ಅಯ್ಯೋ, ಏನೇನು ಕಟ್ಕೊಂಡಿದೀಯ ತಲೇಲಿ? ಆ ಹೊಟ್ಟೆ ಹೊತ್ತು ಎಲ್ಲರೆದುರಿಗೆ ಊಟ ಹಾಕಿದ್ಳಲ್ಲ ಅವಳು, ಕಣ್ಣು ಕಾಣ್ಸಲ್ವಾ? ಸಾಕು ಮಾಡು ಕೊಬುಸಿಂಗೆ!"

"ನೀನೇ ಮಾಡು ಸಾಕು! ನಿನ್ನ ಬಾಳೆಹಣ್ಣು ನೀನೇ ತಿನ್ನು!"

ಬಿರ್ತೆ ಬಂದಳು. ಇಬ್ಬರೂ ನಕ್ಕೆವು. ವಾಪಸ್ಸು ಬರುವಾಗ ಪೂರ್ತಿ ದಾರಿ ಅವನ ಬೆನ್ನು ನೋಡುತ್ತ ಬಂದೆ. ಕೊನೆಯವಳ ಕೆಲಸವೇ ಅದು, ಮುಂದಿನವರ ಬೆನ್ನು ಕಾಯುವುದು. ಕಡೆಗೊಂದು ಫೋಟೋ. ಭುಜದ ಮೇಲೆ ಕೈ ಹಾಕಿ ಎಂದಳು ಬಿರ್ತೆ. ಹಾಕಿದ. ಒಣಗಲು ಹಾಕಿದ ಬಟ್ಟೆಯ ಹಾಗಿತ್ತು.

"ನಾವು ಹೀಗಿರೋಕೆ ನಲವತ್ತು ವರ್ಷದಿಂದ ಒದ್ದಾಡ್ತಿದೀವಿ ನೋಡು" ಎಂದು ಬಿರ್ತೆ ನನ್ನನ್ನು ತಬ್ಬಿಕೊಂಡಳು. ಆಗ ಅತ್ತುಬಿಟ್ಟೆ. ಅಗಲಿಕೆಯ ದುಃಖ ಎಂದುಕೊಂಡಳು ಪಾಪ, ತಾನೂ ಅತ್ತಳು.

ಜುಲೈ 16

ಬರೆಯಲು ಮನಸ್ಸಿಲ್ಲ. ಚಾರ್ಜ್ ಹಾಕಿದೆ, ತೆಗೆದೆ.

ಜುಲೈ 22, ಸೋಮವಾರ

ಇವತ್ತು ಹೆಲ್ಮೆಟ್ಟುಗಳ ಪಟ್ಟಿ ಒಗೆದಿಲ್ಲವೆಂದು ಎಲ್ಲರೆದುರಿಗೆ ಕೂಗಾಡಿದ. ಕೊಬುಸಿಂಗೆ ಹಾಗೆ, ಕೊಬುಸಿಂಗೆ ಹೀಗೆ. ನಾನೂ ಬಿಡಲಿಲ್ಲ. ರುಸೋಕೆ ಎಂದೆ, ಅವನ ಅಪ್ಪನ ಹೆಸರು ಹಿಡಿದೂ ಬೈದೆ. ಅಡ್ಯೇರಿ ಅಮ್ಮ ಕಿವಿ ಮುಚ್ಚಿಕೊಂಡರು. "ಇನ್ನು ನಿಮ್ಮಿಬ್ಬರನ್ನ ಒಂದೇ ಟೂರಿಗೆ ಕಳಿಸಲ್ಲ, ನನ್ನಾಣೆ!"

ಮನೆಗೆ ಬಂದ ಮೇಲೆ ವಿಚಿತ್ರ, ಹಸಿವಾಯಿತು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಯೋಚಿಸಿದರೆ, ಹೆಲ್ಮೆಟ್ ಪಟ್ಟಿಗೆ ಯಾರಾದರೂ ಅಷ್ಟು ಕೂಗುತ್ತಾರೆಯೇ? ಬೇರೆ ಯಾರ ಮೇಲೂ ಅವನು ದನಿ ಎತ್ತಿದವನಲ್ಲ. ಊರಿಗೆಲ್ಲ ಎಂಪಾಕೊ ಹಂಚುತ್ತ ಹೋಗುತ್ತಾನೆ, ನನಗೆ ಮಾತ್ರ ಇಲ್ಲ. ನನ್ನನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಉರಿಯಲಿ. ಬೈಯುವಷ್ಟು ದಿನ ಅವನೊಳಗೆ ನಾನಿದ್ದೇನೆ. ಮಗು ಹುಟ್ಟಲಿ, ಹತ್ತು ಹುಟ್ಟಲಿ, ಈ ಜಗಳ ನನ್ನೊಬ್ಬಳದು.

ಹುಚ್ಚಿ ಎನ್ನುತ್ತಾರೆ ಇದನ್ನು ಓದಿದವರು. ಓದುವವರು ಯಾರಿದ್ದಾರೆ.

ಸೆಪ್ಟೆಂಬರ್ 7, ಶನಿವಾರ

ಮಳೆ ಹಿಡಿದಿದೆ. ಟೂರುಗಳು ಕಡಿಮೆ. ಈಗ ನಾನೂ ಮುಂದೆ ಹೋಗುತ್ತೇನೆ, ನನ್ನ ಹಿಂದೆ ಹೊಸ ಹುಡುಗಿ. ಅವನದು ಬೇರೆ ವಾರ, ಬೇರೆ ದಾರಿ. ಆಗಸ್ಟ್ ಪೂರ್ತಿ ಮುಖ ಕಂಡಿರಲಿಲ್ಲ.

ಇವತ್ತು ಸಂತೆಯ ಮೂಲೆಯ ಚಪಾತಿ ಅಂಗಡಿಯಲ್ಲಿ ಮಳೆಗೆ ನಿಂತಿದ್ದೆ. ಮೊಟ್ಟೆ ಸುತ್ತಿದ ಚಪಾತಿಗೆ ಹೇಳಿದ್ದೆ. ಅವನು ಬಂದ, ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಿಡಿದು. ಚಪಾತಿಯವನಿಗೆ, "ಅಮೂತಿ, ಹೇಗಿದೀಯಪ್ಪ?" ಪಕ್ಕದಲ್ಲಿ ನಿಂತ ಬಾಡಿಗೆಯ ಬೋಡಾ ಬೈಕಿನವನಿಗೆ, "ಅಬ್ವೋಲಿ, ಮನೇಲೆಲ್ಲ ಕ್ಷೇಮಾನಾ?"

ಆಮೇಲೆ ನನ್ನ ಕಡೆ ತಿರುಗಿದ. ನಾನು ಸೊಂಟ ಕಟ್ಟಿ ನಿಂತೆ. ಬಾಯಲ್ಲಿ ನಾಲ್ಕು ಮಾತು ಸಿದ್ಧವಿದ್ದವು, ಒಂದಕ್ಕಿಂತ ಒಂದು ಖಾರ.

"ಅಬ್ಬೋಕಿ, ಹೇಗಿದೀಯ? ಮಳೆ ಜೋರಾಯ್ತಲ್ಲ. ಟೂರೆಲ್ಲ ಹೇಗೆ ನಡೀತಿದೆ?"

ಅದೇ ದನಿ. ಚಪಾತಿಯವನಿಗೆ ಅಂದದ್ದೇ. ಬೈಕಿನವನಿಗೆ ಅಂದದ್ದೇ. ಕಣ್ಣಲ್ಲಿ ಹುಡುಕಿದೆ. ಸಿಟ್ಟಿಲ್ಲ. ನಾಚಿಕೆ ಇಲ್ಲ. ಏನೂ ಇಲ್ಲ. ನೆರೆಮನೆಯವನ ಮುಖ.

ಸಿದ್ಧವಿದ್ದ ಮಾತೆಲ್ಲ ಬಾಯಲ್ಲೇ ಕರಗಿತು. ಯಾರ ಮೇಲೆ ಎರಚಲಿ? ಎಂಪಾಕೊ ಹಿಡಿದು ಕರೆದವರನ್ನು ಹಾಗೇ ಕರೆಯಬೇಕು, ಅದು ಮರ್ಯಾದೆ. "ಚೆನ್ನಾಗಿದೀನಿ ಅಪೂಲಿ" ಎಂದೆ. "ಅಟೇನಿ ಹೇಗಿದಾಳೆ?" ಎಂದೂ ಕೇಳಿದೆ. ಕಾಲು ಊದಿಕೊಂಡಿದೆ ಎಂದ. ಉಪ್ಪು ಕಡಿಮೆ ಹಾಕಲು ಹೇಳು ಎಂದೆ. ಹೇಳುತ್ತೇನೆ ಎಂದ. ಹೊರೆ ಇಳಿಸಿದವನ ಹಾಗೆ ನಕ್ಕು, ಪ್ಲಾಸ್ಟಿಕ್ ಹಾಳೆ ಹೊದ್ದು ಹೋದ.

ಚಪಾತಿಯವನ ಮುಖ ಅರಳಿತ್ತು. "ಅಬ್ಬಾ! ರಾಜಿ ಆಯ್ತಾ ಅಬ್ಬೋಕಿ? ಸದ್ಯ! ನೀವಿಬ್ರು ಬರೀ ಹೆಸರಲ್ಲಿ ಕಿರುಚಾಡೋದು ನಮಗೇ ಸಂಕಟ ಆಗ್ತಿತ್ತು. ದೇವರು ದೊಡ್ಡವನು!"

"ಹೂಂ, ಆಯ್ತು" ಎಂದೆ. ಚಪಾತಿ ಬಿಟ್ಟೇ ಬಂದೆ.

ಮನೆಗೆ ಬಂದು ಒದ್ದೆ ಬಟ್ಟೆಯಲ್ಲೇ ಕೂತಿದ್ದೇನೆ. ಈಸ್ಟರಿನ ಮಾರನೇ ದಿನ ಹೋದದ್ದಲ್ಲ ಅವನು. ಜುಲೈಯಲ್ಲೂ ಅಲ್ಲ. ಇವತ್ತು ಹೋದ. ಇಷ್ಟು ಮೆಲ್ಲಗೆ, ಇಷ್ಟು ಒಳ್ಳೆಯ ಮಾತಾಡಿ... ಬೈದಿದ್ದರೆ ಸಾಕಿತ್ತು ನನಗೆ. ಸಂತೆಯ ನಡುವೆ ನಿಲ್ಲಿಸಿಕೊಂಡು, ಎಲ್ಲರೂ ಕೇಳುವ ಹಾಗೆ, ಒಂದೇ ಒಂದು ಸಲ ಕೊಬುಸಿಂಗೆ ಎಂದು —