ಅಜ್ಜಿಯ ಕಾಸಿಗೆ ಎಣ್ಣೆಸ್ನಾನ

ಜಗಳೂರು
೧೨ ನವೆಂಬರ್ ೨೦೨೪, ಮಂಗಳವಾರ

ನನ್ನ ಮುದ್ದು ಮಗಳು ಪುಷ್ಪಾಳಿಗೆ ಅಪ್ಪನ ತುಂಬು ಮನಸ್ಸಿನ ಹರಕೆಗಳು.

ಹೇಗಿದ್ದೀಯಮ್ಮಾ? ಪರೇಡಿನಲ್ಲಿ ಉಳುಕಿದ ಕಾಲು ವಾಸಿಯಾಯಿತೇ? ಕಲಬುರಗಿಯ ಬಿಸಿಲಿಗೆ ತಲೆಸುತ್ತು ಬರುತ್ತದೆ ಎಂದಿದ್ದೆ, ಮಜ್ಜಿಗೆ ಕುಡಿಯುತ್ತಿರು. ಹೊಟ್ಟೆತುಂಬಾ ಊಟ ಮಾಡು, ಪೊಲೀಸರೇ ಸೊರಗಿದರೆ ಕಳ್ಳರು ಹೆದರುವುದಿಲ್ಲ. ನಿಮ್ಮವ್ವ ಗಾದ್ರಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿನ್ನೆಯಿಂದ ಬಿಪಿ ಏರಿದೆ. ಟ್ರೈನಿಂಗಿನಲ್ಲಿ ನಿಮಗೆ ಫೋನು ಕೊಡುವುದು ಭಾನುವಾರ ಮಾತ್ರ. ಅಲ್ಲಿಯವರೆಗೆ ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಶಕ್ತಿ ನನಗಿಲ್ಲ, ಅದಕ್ಕೇ ಈ ಕಾಗದ.

ವಿಷಯ ಮುತ್ತುರಾಜನದು. ನೀನು ಮೆಚ್ಚಿದ ಹುಡುಗ, ನ್ಯಾಮತಿಯಲ್ಲಿ ವಿಜ್ಞಾನದ ಮೇಷ್ಟ್ರು, ನಿನ್ನ ಟ್ರೈನಿಂಗ್ ಮುಗಿದ ಮೇಲೆ ಮದುವೆ ಎಂದು ನಾನೇ ಒಪ್ಪಿದ್ದೂ ನಿಜ. ಆದರೆ ಒಪ್ಪಿದ್ದೇನೆಂದರೆ ನಂಬಿದ್ದೇನೆಂದು ಅರ್ಥವಲ್ಲ. ಬಸ್ಸಿನಲ್ಲಿ ಟಿಕೆಟ್ ಚೆಕಿಂಗ್ ಮಾಡಿಯೇ ತಲೆ ಹಣ್ಣಾದವನು ನಾನು. ಜಗಳವಾಡುವವನ ಹತ್ತಿರ ಟಿಕೆಟ್ ಇದ್ದೇ ಇರುತ್ತದೆ. ನಿದ್ದೆ ಬಂದವನಂತೆ ತಲೆ ಬಾಗಿಸಿ ಕೂತವನನ್ನು ಮೊದಲು ಕೇಳಬೇಕು. ಈ ಹುಡುಗನದು ಅತಿ ವಿನಯ. ನೀರು ಕೊಟ್ಟರೂ ಎದ್ದು ನಿಂತು ತೆಗೆದುಕೊಳ್ಳುತ್ತಾನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಅವತ್ತೇ ನಿಮ್ಮವ್ವನಿಗೆ ಹೇಳಿದ್ದೆ.

ನಿನ್ನ ಅಜ್ಜಿ ಉಚ್ಚಂಗೆಮ್ಮನ ತಾಮ್ರದ ಕಾಸುಗಳು ನಿನಗೆ ಗೊತ್ತಲ್ಲ, ನಮ್ಮ ಮನೆಯ ಹೆಣ್ಣುಮಕ್ಕಳ ಮದುವೆಯಲ್ಲಿ ಮಡಿಲಕ್ಕಿಯ ಜೊತೆ ಹಾಕುವಂಥವು. ಅಟ್ಟದ ಮೇಲಿನ ಗಡಿಗೆಗೆ ನೀರಿಳಿದು ಅಷ್ಟೂ ಕಿಲುಬು ಹಿಡಿದು ಹಸಿರಾಗಿದ್ದವು. ನಿನ್ನ ಮಡಿಲಿಗೆ ಹಾಕಬೇಕಲ್ಲ ಎಂದು, ಗಣೇಶನ ಹಬ್ಬಕ್ಕೆ ಮುತ್ತುರಾಜ್ ಬಂದಿದ್ದಾಗ ನಿಮ್ಮವ್ವ ಚೊಂಬು ತಿಕ್ಕುವ ಹಾಗೆ ಹುಣಸೆಹಣ್ಣು, ಉಪ್ಪು ಹಿಡಿದು ಕೂತಳು. ಅವನು ಓಡಿ ಬಂದು ತಡೆದ. “ಹುಳಿ ಹಾಕಬ್ಯಾಡ್ರಿ ಅತ್ತೆ, ಕಿಲುಬಿನ ಜತಿಗೆ ತಾಮ್ರಾನೂ ತಿಂತೈತೆ, ಮ್ಯಾಲಿನ ಅಕ್ಷರ ಉಳಿಯಲ್ಲ” ಎಂದ. ಆ ಹಸಿರು ಪುಡಿ ವಿಷವಂತೆ, ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಬೇಕಂತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಮೆಡಿಕಲ್ ಶಾಪಿನ ಆಲಿವ್ ಎಣ್ಣೆಯಲ್ಲಿ ವಾರಗಟ್ಟಲೆ ನೆನೆಹಾಕಿ, ಎಣ್ಣೆ ಹಸಿರಾದಾಗಲೆಲ್ಲ ಬದಲಿಸಿ, ಮೆತ್ತಗಾದ ಕಿಲುಬನ್ನು ಬಿದಿರು ಕಡ್ಡಿಯಿಂದ ಮೆಲ್ಲಗೆ ಬಿಡಿಸಬೇಕಂತೆ. ದೀಪಾವಳಿಯಲ್ಲಿ ಅಳಿಯನಿಗೆ ಎಣ್ಣೆ ನೀರು ಹಾಕುವುದು ಕಂಡಿದ್ದೇವೆ, ಕಾಸಿಗೆ ಎಣ್ಣೆಸ್ನಾನ ಮಾಡಿಸುವುದನ್ನು ಎಲ್ಲಾದರೂ ಕೇಳಿದ್ದೀಯಾ? ನಿಮ್ಮವ್ವ ಮರುಳಾಗಿ ಗಂಟನ್ನೇ ಕೊಡಲು ಹೊರಟಳು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

ಆದರೆ ನಿನ್ನಪ್ಪ ಅಷ್ಟು ಸುಲಭಕ್ಕೆ ಕೋಡಂಗಿಯಾಗುವವನಲ್ಲ. ಅವನು ಊಟಕ್ಕೆ ಕೂತಿದ್ದಾಗ ಒಳಗೆ ಹೋಗಿ, ಎಲ್ಲಕ್ಕಿಂತ ದೊಡ್ಡ ಕಾಸಿನ ಬೆನ್ನಿಗೆ ಸೂಜಿಯಿಂದ ನನ್ನ ಹೆಸರಿನ ಮೊದಲಕ್ಷರ ‘ಚಿ’ ಎಂದು ಗೀಚಿದೆ. ಅಜ್ಜಿಯ ಕಾಸಿಗೆ ಗಾಯವಾಗಬಾರದಲ್ಲ, ಅದಕ್ಕೇ ತಾಮ್ರಕ್ಕೆ ತಾಗದ ಹಾಗೆ ಹಸಿರಿನ ಮೇಲಷ್ಟೇ, ಬಹಳ ನಾಜೂಕಾಗಿ. ಕಾಸು ಬದಲಾದರೆ ಹುಡುಗನ ಬಣ್ಣ ಬಯಲಾಗುತ್ತದೆ. ಹೆಣ್ಣು ಕೊಡುವ ಮೊದಲು ಕಾಸು ಕೊಟ್ಟು ನೋಡುವುದರಲ್ಲಿ ತಪ್ಪೇನಿದೆ ಹೇಳು? ಆಮೇಲೆ ತಿಂಗಳು ಕಳೆದರೂ ಕಾಸು ಬರಲಿಲ್ಲ. ಕೇಳಿದರೆ “ಇನ್ನೂ ನೆನೀತಾ ಅದಾವೆ ಮಾವ, ಅವಸರ ಮಾಡಿದ್ರೆ ಕೆಡ್ತಾವೆ” ಎನ್ನುತ್ತಿದ್ದ. ಪಕ್ಕದ ಮನೆಯ ಕೆಂಚೇಶ್ ಬೇರೆ “ಹಳೇ ಕಾಸಿಗೆ ಆನ್‌ಲೈನಾಗೆ ಲಕ್ಷಗಟ್ಲೆ ಕೊಡ್ತಾರಂತೆ, ಹುಷಾರಣ್ಣೋ” ಎಂದು ತಲೆಗೆ ಹುಳ ಬಿಟ್ಟ. ಒಂದು ದಿನ ಹೇಳದೆ ಕೇಳದೆ ನ್ಯಾಮತಿಗೆ ಹೋಗಿ ನೋಡುತ್ತೇನೆ, ಒಂದೊಂದೇ ಕಾಸನ್ನು ಬಿಳಿ ಕಾಗದದ ಮೇಲಿಟ್ಟು ಫೋಟೋ ತೆಗೆಯುತ್ತಿದ್ದಾನೆ! ಮೊದಲಿನಿಂದಲೂ ಹೀಗೇ ತೆಗೆದಿಡುತ್ತಿದ್ದೇನೆ ಎಂದ. ಮಾರುವವನಲ್ಲದೆ ಇನ್ಯಾರಿಗೆ ಬೇಕು ಕಾಸಿನ ಫೋಟೋ?

ನಿನ್ನೆ, ಕಾಸು ಸಿದ್ಧವಾಗಿವೆ ಎಂದು ಕರೆದ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಸಂಜೆಗೆ ಅವರ ಮನೆ ಮುಟ್ಟಿದೆ. ಸುಳ್ಳು ಹೇಳಬಾರದು, ಕೆಲಸ ಚೆನ್ನಾಗಿತ್ತು. ಥಳಥಳ ಹೊಳಪಿಲ್ಲ, ಒಳ್ಳೆಯ ಕಂದು ಬಣ್ಣ, ಚೂರೂ ಹಸಿರಿಲ್ಲ, ಅಕ್ಷರಗಳು ಎದ್ದು ಕಾಣುತ್ತಿದ್ದವು. ದೊಡ್ಡ ಕಾಸನ್ನು ತಿರುಗಿಸಿದೆ. ‘ಚಿ’ ಇಲ್ಲ! ಎಲ್ಲವನ್ನೂ ತಿರುಗಿಸಿ ಬೆಳಕಿಗೆ ಹಿಡಿದೆ. ಯಾವುದರಲ್ಲೂ ಇಲ್ಲ. ನಮ್ಮ ಕಾಸೆಲ್ಲಪ್ಪಾ ಎಂದು ಕೇಳಿದೆ. ಅವನ ಮುಖ ಕೆಂಪೇರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! “ಇವೇ ಮಾವ ನಿಮ್ಮವು, ಮೊದ್ಲಿನ ಫೋಟೋ ಐತೆ ನೋಡ್ರಿ” ಎಂದು ಮೊಬೈಲ್ ಚಾಚಿದ. ಈಗಿನ ಕಾಲದಲ್ಲಿ ಫೋಟೋದಲ್ಲಿ ಏನು ಬೇಕಾದರೂ ಮಾಡುತ್ತಾರೆ, ನಾನು ನೋಡಲಿಲ್ಲ. ಅವನ ತಾಯಿ ಶಂಕರಮ್ಮ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಅವರೆದುರಿಗೇ ಹೇಳಿದೆ, ಕಾಸು ಬದಲಿಸುವವನ ಮನೆಗೆ ನಮ್ಮ ಹೆಣ್ಣು ಬರುವುದಿಲ್ಲ ಎಂದು. ಹುಡುಗ ಜಗಳಕ್ಕೆ ಬರಲಿಲ್ಲ. ಕಾಸುಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, “ಪುಷ್ಪಾಗೆ ನೀವೇ ಹೇಳ್ರಿ ಮಾವ, ನನ್ ಬಾಯಾಗೆ ಬರಲ್ಲ” ಎಂದ. ಚಹಾ ಮುಟ್ಟದೆ ಎದ್ದು ಬಂದೆ.

ಅಳಬೇಡ ಮಗಳೇ. ನೀನು ಅತ್ತರೆ ನನ್ನ ಕೈಕಾಲು ಆಡುವುದಿಲ್ಲ. ಆದರೆ ನಾಳೆ ಖಾಕಿ ತೊಡುವವಳು ನೀನು, ಸಾಕ್ಷಿಗೆ ಬೆಲೆ ಕೊಡಬೇಕು. ಸಾಕ್ಷಿ ಇದ್ದದ್ದು ಆ ಕಾಸಿನ ಬೆನ್ನ ಮೇಲೆ, ಅದು ಮಾಯವಾಗಿದೆ. ಇಷ್ಟರಲ್ಲೇ ಸಿಕ್ಕಿಬಿದ್ದನಲ್ಲ ಎಂದು ಸಮಾಧಾನ ಮಾಡಿಕೋ. ಈ ಸಂಬಂಧ ಇಲ್ಲಿಗೆ ಮುಗಿಯಿತು.

ಕಾಲಿಗೆ ಎಣ್ಣೆ ಹಚ್ಚುವುದು ಮರೆಯಬೇಡ. ಜೊತೆಯ ಹುಡುಗಿಯರಿಗೆಲ್ಲ ನಾನು ಕೇಳಿದೆನೆಂದು ಹೇಳು. ಮನೆದೇವರು ನಿನ್ನ ಬೆನ್ನಿಗಿರಲಿ.

ಇಂತಿ, ನಿನ್ನ ಒಳ್ಳೆಯದನ್ನೇ ಬಯಸುವ ಅಪ್ಪ,
ಚಿತ್ತಪ್ಪ

ತಾ.ಕ.: ಲಕೋಟೆಗೆ ಹಾಕುವ ಮುಂಚೆ ಇದನ್ನು ನಿಮ್ಮವ್ವನಿಗೆ ಓದಿ ಹೇಳಿದೆ. ಸೂಜಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ರೊಟ್ಟಿ ತಟ್ಟುವುದನ್ನು ನಿಲ್ಲಿಸಿ “ಎಲ್ಲಿ ಗೀಚಿದ್ರಿ ಅಂದ್ರಿ?” ಎಂದಳು. ಹಸಿರಿನ ಮೇಲೆ ಎಂದೆ. “ಅವನಿಗೆ ಕೊಟ್ಟಿದ್ದು ಏನು ತೆಗಿಯಾಕೆ?” ಎಂದಳು. ಪುಷ್ಪಾ, ಹಸಿರೇ ಹೋದ ಮೇಲೆ ನನ್ನ ‘ಚಿ’ ಯಾವುದರ ಮೇಲೆ ನಿಲ್ಲಬೇಕಿತ್ತು? ನಿಮ್ಮವ್ವ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಹಬ್ಬದ ಮಾರನೆಯ ದಿನವೇ ಅವನು ಅವಳ ಮೊಬೈಲಿಗೆ ಕಳಿಸಿದ್ದ ಫೋಟೋ ತೆಗೆದು ಹಿಡಿದಳು. ಹಸಿರುಗಟ್ಟಿದ ದೊಡ್ಡ ಕಾಸು, ಅದರ ಮೇಲೆ ನನ್ನ ಅಕ್ಷರ. ಅಂದರೆ ಅವನು ಮೊದಲೇ ನೋಡಿದ್ದಾನೆ. ನಾನು ಅವನನ್ನು ಅನುಮಾನಿಸುತ್ತಿದ್ದೇನೆಂದು ಗೊತ್ತಿದ್ದೂ ಇಷ್ಟು ದಿನ ಮಾವ ಎಂದೇ ಕರೆದಿದ್ದಾನೆ.

ಈ ಕಾಗದ ಹರಿದು ಹಾಕುತ್ತೇನೆಂದರೆ ನಿಮ್ಮವ್ವ ಬಿಡುತ್ತಿಲ್ಲ, “ಹಂಗೇ ಕಳಿಸ್ರಿ, ಅವಳಿಗೂ ಗೊತ್ತಾಗ್ಲಿ” ಎನ್ನುತ್ತಾಳೆ. ಆಗಿನಿಂದ ಅವನಿಗೆ ಫೋನು ಮಾಡುತ್ತಲೇ ಇದ್ದೇನೆ, ಎತ್ತುತ್ತಿಲ್ಲ. ನಾಳೆ ಮೊದಲ ಬಸ್ಸಿಗೆ ನ್ಯಾಮತಿಗೆ ಹೊರಡುತ್ತೇನೆ. ಆದರೂ ಭಾನುವಾರ ಫೋನು ಕೈಗೆ ಬಂದ ಕೂಡಲೇ ನೀನು ಮೊದಲು ಅವನಿಗೆ ಮಾಡು, ನಮಗಲ್ಲ. ತಪ್ಪು ನನ್ನಪ್ಪನದು ಎಂದು ನೀನೇ ಹೇಳಮ್ಮಾ. ನಾನು ಹೇಳಿದರೆ ಅವನು ಯಾಕೆ ನಂಬಬೇಕು?